ಕೊಂಡಾಣಕ್ಕೆ ಬಿದ್ದ ಸೋತ ಮುತ್ತಿಗೆ

ಇಂದು ಸಿಂಹಗಡವೆಂದು ಹೆಸರಾಗಿರುವ, ಪುಣೆಯ ನೈಋತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದ ಕೊಂಡಾಣ ಕೋಟೆಯನ್ನು 1670ರಲ್ಲಿ ತಾನಾಜಿ ಮಾಲುಸರೆ ಒಂದೇ ರಾತ್ರಿಯಲ್ಲಿ ಏರಿ, ಹೋರಾಡಿ ಮಡಿದ ಕಥೆ ಮನೆಮಾತಾಗಿದೆ. ಅದಕ್ಕೆ ಆರು ವರ್ಷ ಮೊದಲು ಮೊಗಲರ ದೊಡ್ಡ ಪಡೆಯೊಂದು ಇದೇ ಬೆಟ್ಟದ ಬುಡದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು ಬರಿಗೈಯಲ್ಲಿ ಹಿಂದಿರುಗಿದ ಸಂಗತಿ ಮಾತ್ರ ಅಷ್ಟು ಪ್ರಚಾರ ಪಡೆದಿಲ್ಲ.

1660ರಲ್ಲಿ ಪುಣೆಯನ್ನು ಹಿಡಿದು ಲಾಲ್ ಮಹಲಿನಲ್ಲಿ ನೆಲೆಸಿದ್ದ ಔರಂಗಜೇಬನ ಸೋದರಮಾವ ಶಾಯಿಸ್ತಾಖಾನನು, 1663ರ ಏಪ್ರಿಲ್ 5ರ ರಾತ್ರಿ ಶಿವಾಜಿ ನಡೆಸಿದ ದಾಳಿಯಲ್ಲಿ ಮಗನನ್ನೂ ತನ್ನ ಕೈಬೆರಳುಗಳನ್ನೂ ಕಳೆದುಕೊಂಡು ಬಂಗಾಳಕ್ಕೆ ವರ್ಗವಾದ ಮೇಲೆ, ಮೊಗಲರ ಹೋದ ಮಾನವನ್ನು ಮರಳಿ ತರುವ ಹೊಣೆ ಮಾರವಾಡದ ಮಹಾರಾಜ ಜಸವಂತಸಿಂಗನ ಹೆಗಲಿಗೆ ಬಿದ್ದಿತು. ಪುಣೆಯ ಬಯಲೆಲ್ಲ ಕಾಣುವ ಕೊಂಡಾಣ ಶಿವಾಜಿಯ ಕೈಯಲ್ಲಿರುವವರೆಗೆ ಊರು ಪೂರ್ತಿ ವಶವಾದಂತಲ್ಲ ಎಂಬುದು ಸ್ಪಷ್ಟವಿದ್ದುದರಿಂದ, ಆ ವರ್ಷದ ಕೊನೆಯಲ್ಲಿ ಅವನು ಕೋಟೆಗೆ ಮುತ್ತಿಗೆ ಹಾಕಿದನು.

ಬಯಲುನಾಡಿನ ಕೋಟೆಗಾದರೆ ಮುತ್ತಿಗೆಗೆ ಗೊತ್ತಾದ ಕ್ರಮವಿತ್ತು: ಗುಂಡು ತಾಗದಂತೆ ಅಂಕುಡೊಂಕಾಗಿ ಕಂದಕ ತೋಡುತ್ತ ಮುಂದೊತ್ತಿ, ಮಣ್ಣಿನ ದಿಬ್ಬ ಎತ್ತರಿಸಿ ಅದರ ಮೇಲೆ ತೋಪು ಹೂಡಿ, ಕೊನೆಗೆ ಗೋಡೆಯಡಿ ಸುರಂಗ ಕೊರೆದು ಮದ್ದು ಸಿಡಿಸುವುದು. ಸಮುದ್ರಮಟ್ಟಕ್ಕಿಂತ ಸುಮಾರು 1,300 ಮೀಟರ್ ಎತ್ತರದ ಕೊಂಡಾಣದಲ್ಲಿ ಇದಾವುದೂ ಸಲೀಸಾಗಿರಲಿಲ್ಲ, ಏಕೆಂದರೆ ಅಗೆಯಬೇಕಾದ ನೆಲವೇ ಕರಿಕಲ್ಲು, ಕೆಡವಬೇಕಾದ ಗೋಡೆಯ ಬಹುಭಾಗ ಬೆಟ್ಟದ ಕಡಿದಾದ ಬಂಡೆಯೇ. ಬಾಯಾರಿಸಿ ಮಣಿಸುವುದೂ ಕಷ್ಟ: ಚಿತ್ರದುರ್ಗದ ಹೊಂಡಗಳನ್ನು ಕಂಡವರಿಗೆ ಪರಿಚಿತವೆನಿಸುವಂತೆ, ಇಲ್ಲಿಯೂ ಬಂಡೆಯಲ್ಲೇ ಕಡೆದ ದೇವಟಾಕೆಯಂತಹ ತೊಟ್ಟಿಗಳು ಮಳೆನೀರನ್ನು ಹಿಡಿದಿಡುತ್ತವೆ.

ಮುತ್ತಿಗೆ ಕಟ್ಟಿಹಾಕಿದ್ದು ಕೋಟೆಯೊಳಗಿನವರಿಗಿಂತ ಹೊರಗಿನವರನ್ನೇ ಎನ್ನಬೇಕು. ಮೊಗಲರು ಬೆಟ್ಟದಡಿಯಲ್ಲಿ ಕೂತಿದ್ದಾಗಲೇ ಶಿವಾಜಿ 1664ರ ಜನವರಿಯಲ್ಲಿ ಸೂರತ್‌ಗೆ ಹೋಗಿ, ಸಾಮ್ರಾಜ್ಯದ ಅತ್ಯಂತ ಶ್ರೀಮಂತ ಬಂದರನ್ನು ದೋಚಿ ಬಂದನು. ಇತ್ತ ಲಗ್ಗೆಯ ಯತ್ನದಲ್ಲಿ ಮದ್ದು ಸ್ಫೋಟಗೊಂಡು ಹಲವರು ಸತ್ತರು. ಜಸವಂತಸಿಂಗನಿಗೂ ಅವನ ಭಾವಮೈದುನ, ಬೂಂದಿಯ ಭಾವಸಿಂಗ್ ಹಾಡಾನಿಗೂ ಜಗಳವಾಯಿತು. ಮಳೆಗಾಲವೂ ಹತ್ತಿರ ಬಂದಿತು. ಮೇ 28ರಂದು ಮುತ್ತಿಗೆ ತೆಗೆದು ಸೈನ್ಯ ಔರಂಗಾಬಾದಿನ ಹಾದಿ ಹಿಡಿಯಿತು. ಜಸವಂತಸಿಂಗ್ ಒಳಗೊಳಗೇ ಶಿವಾಜಿಯ ಕಡೆಗಿದ್ದನೆಂಬ ಶಂಕೆ ಆ ಕಾಲದಲ್ಲೇ ಹಬ್ಬಿತ್ತಾದರೂ, ಆ ಬಂಡೆಯನ್ನು ನೋಡಿದವರಿಗೆ ಸೋಲನ್ನು ವಿವರಿಸಲು ದ್ರೋಹವನ್ನು ಎಳೆದುತರುವ ಅಗತ್ಯ ಕಾಣದು.

ಮರುವರ್ಷ ಮೊಗಲರ ಸೇನಾಪತಿಯಾಗಿ ಬಂದ ಮಿರ್ಜಾ ರಾಜಾ ಜಯಸಿಂಗನು ಕೊಂಡಾಣವನ್ನು ಬಿಟ್ಟು ಪುರಂದರದ ಕೋಟೆಯನ್ನು ಆರಿಸಿಕೊಂಡನು. ಅಲ್ಲಿಯೂ ‘ಅಬ್ದುಲ್ಲಾಖಾನ್’ ಎಂಬ ಒಂದೇ ತೋಪನ್ನು ಬೆಟ್ಟಕ್ಕೆ ಎಳೆದೇರಿಸಲು ಮೂರು ದಿನ ಹಿಡಿಯಿತು. ಆದರೂ ಪಕ್ಕದ ವಜ್ರಗಡವನ್ನು ಮೊದಲು ಗೆದ್ದು, ಸುತ್ತಲಿನ ಹಳ್ಳಿಗಳನ್ನು ಸುಡಲು ಕುದುರೆ ಪಡೆಗಳನ್ನು ಅಟ್ಟಿ, ಅವನು ಶಿವಾಜಿಯನ್ನು ಸಂಧಾನಕ್ಕೆ ತಂದನು. 1665ರ ಜೂನ್‌ನ ಆ ಒಪ್ಪಂದದಂತೆ ಬಿಟ್ಟುಕೊಟ್ಟ 23 ಕೋಟೆಗಳಲ್ಲಿ ಕೊಂಡಾಣವೂ ಸೇರಿತ್ತು.