ಉಳಿದ ಚಕ್ರಗಳು, ಉರುಳಿದ ಚಕ್ರಗಳು

1906ರ ಮೇ 11ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಡೈನಮೈಟ್ ಸಿಡಿಸಿ ಒಂದು ಭಾರಿ ಚಕ್ರವನ್ನು ಕೆಡವಿದರು. ಇಂದು ಜಗತ್ತಿನ ತುಂಬ ತಿರುಗುತ್ತಿರುವ ದೈತ್ಯ ವೀಕ್ಷಣಾ ಚಕ್ರಗಳ ಮೂಲಪುರುಷನೇ ಅದು. ಹದಿಮೂರು ವರ್ಷ ಹಿಂದೆ, 1893ರಲ್ಲಿ, ಷಿಕಾಗೊದ ವಿಶ್ವ ಪ್ರದರ್ಶನದಲ್ಲಿ 14 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಹತ್ತಿದ್ದ ಚಕ್ರ ಗುಜರಿಯಾಯಿತು. ಷಿಕಾಗೊ ಪ್ರದರ್ಶನವಾದ ನಾಲ್ಕೇ ವರ್ಷಕ್ಕೆ, 1897ರಲ್ಲಿ, ವಿಯೆನ್ನಾದ ಪ್ರಾಟರ್ ಉದ್ಯಾನದಲ್ಲಿ ಎದ್ದ ರೀಸೆನ್‌ರಾಡ್ ಇವತ್ತಿಗೂ ತಿರುಗುತ್ತಿದೆ. ಷಿಕಾಗೊದ್ದು 80 ಮೀಟರ್ ಎತ್ತರ, ವಿಯೆನ್ನಾದ್ದು 65 ಮೀಟರಿಗೂ ಸ್ವಲ್ಪ ಕಡಿಮೆ. ದೊಡ್ಡದು ಅಳಿದು ಚಿಕ್ಕದು ಉಳಿದದ್ದು ಆಕಸ್ಮಿಕವಲ್ಲ. ಇಂಥ ಚಕ್ರದ ಆಯುಷ್ಯವನ್ನು ಅದರ ಎತ್ತರ ನಿರ್ಧರಿಸುವುದಿಲ್ಲ. ಅದು ನಿಂತ ಜಾಗ ಮತ್ತು ಆ ಊರು ಅದನ್ನು ತನ್ನದೆಂದು ಕಾಣುತ್ತದೆಯೇ ಇಲ್ಲವೇ ಎಂಬುದು ನಿರ್ಧರಿಸುತ್ತವೆ. ನೂರಮೂವತ್ತು ವರ್ಷಗಳ ಚರಿತ್ರೆ ಇದನ್ನು ಮತ್ತೆ ಮತ್ತೆ ತೋರಿಸಿದೆ.

ಮೊದಲ ಚಕ್ರ ಹುಟ್ಟಿದ್ದೇ ಪೈಪೋಟಿಯಿಂದ. 1889ರಲ್ಲಿ ಪ್ಯಾರಿಸ್ ಐಫೆಲ್ ಗೋಪುರವನ್ನು ಎತ್ತಿ ನಿಲ್ಲಿಸಿತ್ತು. ಅದನ್ನು ಮೀರಿಸುವಂಥದ್ದು ಷಿಕಾಗೊ ಪ್ರದರ್ಶನಕ್ಕೂ ಬೇಕೆಂದು ನಿರ್ಮಾಣದ ಹೊಣೆ ಹೊತ್ತಿದ್ದ ಡೇನಿಯಲ್ ಬರ್ನ್‌ಹ್ಯಾಮ್ ಎಂಜಿನಿಯರುಗಳಿಗೆ ಸವಾಲು ಹಾಕಿದರು. ಪಿಟ್ಸ್‌ಬರ್ಗಿನಲ್ಲಿ ಸೇತುವೆಗಳ ಉಕ್ಕನ್ನು ಪರೀಕ್ಷಿಸುವ ಕೆಲಸ ಮಾಡುತ್ತಿದ್ದ ಜಾರ್ಜ್ ಫೆರಿಸ್ ತಂದ ನಕ್ಷೆ ಮೊದಲಿಗೆ ಯಾರಿಗೂ ನಂಬಿಕೆ ಹುಟ್ಟಿಸಲಿಲ್ಲ. ಅಷ್ಟು ತೆಳುವಾದ ಕಡ್ಡಿಗಳು ಅಷ್ಟು ಭಾರವನ್ನು ತಡೆದಾವೇ ಎಂಬುದು ಅವರ ಅನುಮಾನ. ಫೆರಿಸ್ ಬಳಸಿದ್ದು ಸೈಕಲ್ ಚಕ್ರದ ತತ್ವ: ಕಡ್ಡಿಗಳು ಕೆಳಗಿನಿಂದ ಭಾರ ಹೊರುವುದಿಲ್ಲ, ಬಿಗಿದುಕೊಂಡು ಎಳೆಯುತ್ತವೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲವನ್ನು ಅಗೆದು ಅಡಿಪಾಯ ಹಾಕಿದರು. ಕಾಂಕ್ರೀಟ್ ಹೆಪ್ಪುಗಟ್ಟದಿರಲೆಂದು ಹಬೆ ಹಾಯಿಸಿದರು. ಸುಮಾರು 40 ಟನ್ ತೂಕದ, 45 ಅಡಿಗೂ ಉದ್ದದ ಒಂದೇ ಅಚ್ಚನ್ನು 140 ಅಡಿ ಎತ್ತರದ ಗೋಪುರಗಳ ನೆತ್ತಿಗೆ ಏರಿಸಿದರು. 36 ಡಬ್ಬಿಗಳು, ಒಂದೊಂದರಲ್ಲಿ 60 ಜನ. ಎಲ್ಲವೂ ತುಂಬಿದರೆ ಒಂದೇ ಬಾರಿಗೆ 2,160 ಮಂದಿ ಗಾಳಿಯಲ್ಲಿ. ಮೊದಲ ಸುತ್ತಿನಲ್ಲಿ ಜನ ಹತ್ತಿ ಇಳಿಯಲು ಆರು ಸಲ ನಿಲ್ಲುತ್ತಿತ್ತು, ಎರಡನೆಯ ಸುತ್ತು ನಿಲ್ಲದೆ ಸಾಗುತ್ತಿತ್ತು. ಟಿಕೆಟ್ ದರ 50 ಸೆಂಟ್, ಇಡೀ ಪ್ರದರ್ಶನದ ಪ್ರವೇಶ ದರದಷ್ಟೇ. ಎಂಜಿನಿಯರಿಂಗಿನಲ್ಲಿ ಯಾವ ಕೊರತೆಯೂ ಇರಲಿಲ್ಲ.

ಕೊರತೆ ಕಂಡದ್ದು ಪ್ರದರ್ಶನ ಮುಗಿದ ಮೇಲೆ. ಚಕ್ರವನ್ನು ಬಿಚ್ಚಿ ಷಿಕಾಗೊದ ಉತ್ತರ ಭಾಗದ ವಸತಿ ಪ್ರದೇಶವೊಂದಕ್ಕೆ ಸಾಗಿಸಿ ಮತ್ತೆ ನಿಲ್ಲಿಸಿದರು. ಅದೇ ಚಕ್ರ, ಅದೇ ಎತ್ತರ. ಸುತ್ತಲಿನವರು ಅದು ಬೇಡವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಜನ ಬರಲಿಲ್ಲ, ಸಾಲ ಏರಿತು. ಫೆರಿಸ್ 1896ರಲ್ಲಿ, 37ನೇ ವಯಸ್ಸಿನಲ್ಲಿ, ವಿಷಮಶೀತ ಜ್ವರದಿಂದ ತೀರಿಕೊಂಡರು. 1904ರ ಸೇಂಟ್ ಲೂಯಿಸ್ ಪ್ರದರ್ಶನ ಚಕ್ರಕ್ಕೆ ಸಿಕ್ಕ ಕೊನೆಯ ಅವಕಾಶವಾಯಿತು. ನಮ್ಮ ಜಾತ್ರೆಗಳಲ್ಲಿ ತೊಟ್ಟಿಲು ಹಾಕುವವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆಗೋ ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೋ ಬಿಡಿಭಾಗಗಳಾಗಿ ಬರುವ ಜಾಯಿಂಟ್ ವೀಲ್, ಜನ ಸೇರುವಲ್ಲಿಗೆ ತಾನೇ ಹೋಗುತ್ತದೆ, ಜನ ಕರಗಿದಾಗ ಬಿಚ್ಚಿಕೊಂಡು ಮುಂದಿನ ಊರಿಗೆ ಹೊರಡುತ್ತದೆ. ನೆಲಕ್ಕೆ ಕಾಂಕ್ರೀಟಿನಲ್ಲಿ ಬೇರೂರಿದ ಚಕ್ರಕ್ಕೆ ಆ ದಾರಿ ಇಲ್ಲ. ಅದು ನಿಂತಲ್ಲಿಗೇ ಜನ ವರ್ಷವಿಡೀ ಬರಬೇಕು.

ಫೆರಿಸ್ ನಂತರ ಬ್ರಿಟನ್ನಿನ ವಾಲ್ಟರ್ ಬ್ಯಾಸೆಟ್ ಯೂರೋಪಿನಲ್ಲಿ ಸಾಲಾಗಿ ಚಕ್ರಗಳನ್ನು ಕಟ್ಟಿದರು. ಲಂಡನ್ನಿನ ಅರ್ಲ್ಸ್ ಕೋರ್ಟಿನ 94 ಮೀಟರಿನ ಚಕ್ರ 1907ರಲ್ಲಿ ಹೋಯಿತು. 1900ರ ಪ್ರದರ್ಶನಕ್ಕೆಂದು ಪ್ಯಾರಿಸ್‌ನಲ್ಲಿ ಎದ್ದ, ಅದಕ್ಕೂ ಎತ್ತರದ ಚಕ್ರ ಎರಡು ದಶಕದಲ್ಲಿ ಮುಗಿಯಿತು; ಮೊದಲ ಮಹಾಯುದ್ಧದಲ್ಲಿ ಮನೆ ಕಳೆದುಕೊಂಡವರಿಗೆ ಅದರ ಡಬ್ಬಿಗಳೇ ವಸತಿಯಾದವು. ಉಳಿದದ್ದು ವಿಯೆನ್ನಾದ್ದೊಂದೇ. ಅದು ಉಳಿದದ್ದೂ ಅದೃಷ್ಟದಿಂದಲ್ಲವೇ ಎಂದು ಕೇಳಬಹುದು. ಕೇಳುವುದರಲ್ಲಿ ಹುರುಳಿದೆ: 1916ರಲ್ಲಿ ಅದನ್ನು ಕೆಡವಲು ಅನುಮತಿ ದೊರೆತಿತ್ತು, ಕೆಡವಲು ಹಣವಿರಲಿಲ್ಲ. ಆದರೆ ಅದೃಷ್ಟದ ಮಾತು ಅಲ್ಲಿಗೇ ನಿಲ್ಲುತ್ತದೆ. 1944ರಲ್ಲಿ ಚಕ್ರ ಬೆಂಕಿಗೆ ಸುಟ್ಟಿತು. ಅದರ ಮಾಲೀಕ, ಯೆಹೂದಿ ವ್ಯಾಪಾರಿ ಎಡ್ವರ್ಡ್ ಸ್ಟೈನರ್ ಅವರಿಂದ ನಾಜಿಗಳು ಮೊದಲು ಚಕ್ರವನ್ನು ಕಿತ್ತುಕೊಂಡರು, ಅದೇ 1944ರಲ್ಲಿ ಆಶ್ವಿಟ್ಜ್‌ನಲ್ಲಿ ಅವರ ಪ್ರಾಣವನ್ನೂ ತೆಗೆದರು. ಯುದ್ಧ ಮುಗಿದಾಗ ವಿಯೆನ್ನಾದಲ್ಲಿ ವಾಸದ ಮನೆಗಳಿಗೇ ಗತಿಯಿರಲಿಲ್ಲ. ಹಾಗಿದ್ದೂ 1947ರಲ್ಲಿ ಚಕ್ರ ಮತ್ತೆ ತಿರುಗಿತು, 30 ಡಬ್ಬಿಗಳ ಬದಲು 15 ಡಬ್ಬಿಗಳೊಂದಿಗೆ. ಅನ್ನಕ್ಕೆ ತತ್ವಾರವಾದ ಕಾಲದಲ್ಲಿ ಆಟದ ಚಕ್ರವೊಂದನ್ನು ದುರಸ್ತಿ ಮಾಡಬೇಕಾದರೆ ಆ ಊರಿಗೆ ಅದು ಬೇಕಾಗಿತ್ತು ಎಂದೇ ಅರ್ಥ.

ಎತ್ತರದ ಪರ ವಾದಿಸುವವರು ಲಂಡನ್ ಐ ಕಡೆ ಬೆರಳು ತೋರಿಸುತ್ತಾರೆ. 135 ಮೀಟರಿನ ಅದು ಶುರುವಾದಾಗ ಜಗತ್ತಿನಲ್ಲೇ ಅತಿ ಎತ್ತರದ ಚಕ್ರವಾಗಿತ್ತು ನಿಜ. ಆ ದಾಖಲೆಯನ್ನು 2006ರಲ್ಲೇ ಚೀನಾದ ನಾನ್‌ಚಾಂಗ್ ನಗರದ 160 ಮೀಟರಿನ ಚಕ್ರ ಮುರಿಯಿತು. ಲಂಡನ್ನಿನ ಸರತಿ ಸಾಲು ಅದರಿಂದ ಕರಗಲಿಲ್ಲ. ದಂಪತಿ ವಾಸ್ತುಶಿಲ್ಪಿಗಳಾದ ಡೇವಿಡ್ ಮಾರ್ಕ್ಸ್ ಮತ್ತು ಜೂಲಿಯಾ ಬಾರ್ಫೀಲ್ಡ್ ಆರಿಸಿದ ಜಾಗವೇ ಅದರ ಬಂಡವಾಳ: ಥೇಮ್ಸ್ ದಂಡೆ, ಎದುರಿಗೆ ಸಂಸತ್ ಭವನ, ಬುಡದಲ್ಲಿ ಸದಾ ಜನ ಓಡಾಡುವ ಕಾಲುದಾರಿ. ಚಕ್ರವನ್ನು ನದಿಯ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎತ್ತಿ ನಿಲ್ಲಿಸಿದರು. 32 ಗಾಜಿನ ಕ್ಯಾಪ್ಸೂಲ್‌ಗಳು ಸೆಕೆಂಡಿಗೆ 26 ಸೆಂಟಿಮೀಟರಿನಷ್ಟು ನಿಧಾನ ಚಲಿಸುವುದರಿಂದ, ಸಾಮಾನ್ಯವಾಗಿ ಚಕ್ರ ನಿಲ್ಲುವುದೇ ಇಲ್ಲ. ಜನ ನಡೆಯುತ್ತಲೇ ಹತ್ತಿ ಇಳಿಯುತ್ತಾರೆ. ಮೊದಲು ಸಿಕ್ಕಿದ್ದು ಐದು ವರ್ಷದ ಅನುಮತಿ ಮಾತ್ರ. ಅದನ್ನು ಕೆಡವುವ ದಿನ ಬರಲೇ ಇಲ್ಲ.

ಎತ್ತರ ಹೆಚ್ಚಿದಷ್ಟೂ ದೂರದ ನೋಟ ಸಿಗುತ್ತದೆ ಎಂಬ ವಾದವೂ ಲೆಕ್ಕಕ್ಕೆ ಕೂರುವುದಿಲ್ಲ. ಭೂಮಿ ಗುಂಡಗಿರುವುದರಿಂದ ದಿಗಂತದ ದೂರ ಎತ್ತರದ ವರ್ಗಮೂಲದಂತೆ ಮಾತ್ರ ಹೆಚ್ಚುತ್ತದೆ. ಬಯಲಿನಲ್ಲಿ 65 ಮೀಟರ್ ಮೇಲಿಂದ ಸುಮಾರು 29 ಕಿಲೋಮೀಟರ್ ಕಂಡರೆ, 250 ಮೀಟರಿನಿಂದ ಕಾಣುವುದು ಸುಮಾರು 56 ಕಿಲೋಮೀಟರ್. ಎತ್ತರ ನಾಲ್ಕು ಪಟ್ಟಿಗೆ ಸಮೀಪಿಸಿದರೂ ನೋಟ ಎರಡೇ ಪಟ್ಟು, ಅದೂ ದೂಳು ಮಂಜು ಇಲ್ಲದ ದಿನ. ವೆಚ್ಚ ಮತ್ತು ಗಾಳಿಯ ಒತ್ತಡ ಇಷ್ಟು ಸೌಜನ್ಯದಿಂದ ಏರುವುದಿಲ್ಲ. 250 ಮೀಟರಿನ ಐನ್ ದುಬೈ ಚಕ್ರ 2021ರ ಅಕ್ಟೋಬರಿನಲ್ಲಿ ಶುರುವಾಗಿ ಆರು ತಿಂಗಳೊಳಗೆ ನಿಂತಿತು. ಮತ್ತೆ ತಿರುಗಿದ್ದು 2024ರ ಡಿಸೆಂಬರಿನಲ್ಲಿ. ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ಏಳಬೇಕಿದ್ದ 190 ಮೀಟರಿಗೂ ಎತ್ತರದ ಚಕ್ರವನ್ನು 2018ರಲ್ಲಿ ಅರ್ಧಕ್ಕೇ ಕೈಬಿಟ್ಟರು. ಬರ್ಲಿನ್‌ನಲ್ಲಿ ಯೋಜಿಸಿದ್ದ ಚಕ್ರದಲ್ಲೂ ಹೂಡಿಕೆದಾರರ ದುಡ್ಡು ಮುಳುಗಿತೇ ಹೊರತು ಅದು ಏಳಲಿಲ್ಲ.

ನನ್ನ ವಾದಕ್ಕೆ ನಿಜವಾದ ತೊಡಕು ಸಿಂಗಪುರ ಫ್ಲೈಯರ್. ಮರೀನಾ ಕೊಲ್ಲಿಯ ಅಂಚಿಗಿಂತ ಒಳ್ಳೆಯ ಜಾಗ ಯಾವುದಿದೆ? 2008ರಲ್ಲಿ ಶುರುವಾದ ಈ 165 ಮೀಟರಿನ ಚಕ್ರ ಫೆಂಗ್‌ಶುಯಿ ಬಲ್ಲವರ ಸಲಹೆಯಂತೆ ತಿರುಗುವ ದಿಕ್ಕನ್ನೂ ಬದಲಿಸಿತು, ಆದರೂ 2013ರಲ್ಲಿ ಸಾಲ ಕೊಟ್ಟವರ ಕೈ ಸೇರಿತು. ನಾನು ಕಾಣುವಂತೆ ಅಲ್ಲಿ ಸೋತದ್ದು ಜಾಗವಲ್ಲ, ಸಾಲ. 24 ಕೋಟಿ ಸಿಂಗಪುರ ಡಾಲರ್ ವೆಚ್ಚದ ಚಕ್ರವನ್ನು ಹೊಸ ಮಾಲೀಕರು 14 ಕೋಟಿಗೆ ಕೊಂಡರು. ಹೊರೆ ಇಳಿದ ಮೇಲೆ ಅದೇ ಚಕ್ರ ಅದೇ ಜಾಗದಲ್ಲಿ ನಡೆಯುತ್ತಿದೆ. ಮೆಲ್ಬರ್ನ್ ಇದಕ್ಕೆ ತದ್ವಿರುದ್ಧ. 2008ರ ಡಿಸೆಂಬರಿನಲ್ಲಿ ತೆರೆದ ಚಕ್ರದಲ್ಲಿ ತಿಂಗಳೊಪ್ಪತ್ತಿನಲ್ಲೇ ಬಿರುಕು ಕಂಡಿತು. ಐದು ವರ್ಷ ಹೆಣಗಿ ಚಕ್ರವನ್ನು ಹೊಸದಾಗಿ ಕಟ್ಟಿ 2013ರಲ್ಲಿ ಮತ್ತೆ ತೆರೆದರು, 2021ರಲ್ಲಿ ಕಾಯಂ ಮುಚ್ಚಿದರು. ಕೋವಿಡ್ ಒಂದು ಕಾರಣ. ಸುತ್ತ ಎದ್ದ ಬಹುಮಹಡಿ ಕಟ್ಟಡಗಳು ಇನ್ನೊಂದು ಎಂದು ನಡೆಸುವವರೇ ಹೇಳಿದರು. ಬಿರುಕನ್ನು ಎಂಜಿನಿಯರುಗಳು ಸರಿಪಡಿಸಬಲ್ಲರು, ನೋಟಕ್ಕೆ ಅಡ್ಡ ಬಂದ ಗೋಡೆಯನ್ನಲ್ಲ.

ಊರು ತನ್ನದೆಂದು ಕಾಣಬೇಕಾದರೆ ಊರಿನವರೂ ಹತ್ತುವಂತಿರಬೇಕು. ಹೊರಗಿನ ಪ್ರವಾಸಿ ಜೀವನದಲ್ಲಿ ಒಮ್ಮೆ ಹತ್ತುತ್ತಾನೆ, ಎಷ್ಟಾದರೂ ಕೊಡುತ್ತಾನೆ ಎಂಬ ಲೆಕ್ಕದ ಮೇಲೆ ದರ ಇಡುವುದು ಚಕ್ರಗಳ ಮಾಲೀಕರಿಗೆ ರೂಢಿಯಾಗಿದೆ. ಹಾಂಗ್‌ಕಾಂಗ್ ಬಂದರಿನ ಪಕ್ಕದ ಚಕ್ರ ಕೇವಲ 60 ಮೀಟರಿನದು, ದಾಖಲೆ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಅಲ್ಲಿ 100 ಹಾಂಗ್‌ಕಾಂಗ್ ಡಾಲರಿದ್ದ ಟಿಕೆಟನ್ನು 2017ರಲ್ಲಿ ಬಂದ ಹೊಸ ನಿರ್ವಾಹಕರು 20 ಡಾಲರಿಗೆ ಇಳಿಸಿದರು. ಚಕ್ರ ಕಟ್ಟಲು ಹೊರಡುವ ನಗರಗಳು ದುಬೈಗಿಂತ ಮೊದಲು ಹಾಂಗ್‌ಕಾಂಗನ್ನು ನೋಡಿ ಬರಲಿ.