ಕೆರೆ ಬಲಕ್ಕಿರಲಿ: ಬಾದಾಮಿಯಲ್ಲೊಂದು ಸುತ್ತು

ಬಾದಾಮಿಗೆ ಬಂದವರಲ್ಲಿ ಹೆಚ್ಚಿನವರು ಮೇಣಬಸದಿಯ ಮೆಟ್ಟಿಲು ಹತ್ತಿ, ನಾಲ್ಕೂ ಗುಹೆಗಳಲ್ಲಿ ಫೋಟೊ ತೆಗೆಸಿಕೊಂಡು, ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ಎದುರಿನ ಗುಡ್ಡವೂ ಕೆರೆಯ ಮೂಲೆಯ ಭೂತನಾಥನ ಗುಡಿಯೂ ದೂರದಿಂದ ನೋಡಿದ್ದಷ್ಟೇ ಆಗುತ್ತದೆ. ಅಗಸ್ತ್ಯತೀರ್ಥವೆಂಬ ಈ ಕೆರೆಗೆ ಪೂರ್ತಿ ಒಂದು ಸುತ್ತು ಹಾಕುವುದು ಕಷ್ಟವೇನಲ್ಲ. ದಂಡೆಯ ನಡಿಗೆ ಎರಡು-ಮೂರು ಕಿಲೋಮೀಟರಿನೊಳಗೆ ಮುಗಿಯುತ್ತದೆ; ಉತ್ತರದ ಗುಡ್ಡ ಹತ್ತಿಳಿದರೂ ಅರ್ಧ ದಿನ ಸಾಕು. ಆದರೆ ಯಾವ ಕಡೆಯಿಂದ ಶುರು ಮಾಡುತ್ತೀರಿ ಎಂಬುದರ ಮೇಲೆ ಈ ನಡಿಗೆ ಸುಖವೋ ಶಿಕ್ಷೆಯೋ ಎಂಬುದು ನಿಂತಿದೆ.

ಲೆಕ್ಕ ಸರಳ. ಗುಹೆಗಳಿರುವುದು ದಕ್ಷಿಣದ ಗುಡ್ಡದಲ್ಲಿ, ಅವುಗಳ ಮುಖ ಉತ್ತರಕ್ಕೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಡು ಮಧ್ಯಾಹ್ನವೂ ಅಲ್ಲಿ ನೆರಳು. ಉತ್ತರದ ಗುಡ್ಡ ಹಾಗಲ್ಲ. ಅದು ಬೋಳು, ಬಿಸಿಲಿಗೆ ಎದೆಯೊಡ್ಡಿ ನಿಂತದ್ದು. ಹತ್ತು ಗಂಟೆ ದಾಟಿದರೆ ಕಲ್ಲು ಕಾಯತೊಡಗುತ್ತದೆ. ಆದ್ದರಿಂದ ಬೆಳಿಗ್ಗೆ ಮೊದಲು ಉತ್ತರ, ಆಮೇಲೆ ಪೂರ್ವದ ಭೂತನಾಥ, ಬಿಸಿಲೇರಿದಾಗ ಗುಹೆ. ಹೀಗೆ ಹೋದರೆ ಕೆರೆ ಸದಾ ನಿಮ್ಮ ಬಲಕ್ಕಿರುತ್ತದೆ, ತಾನಾಗಿಯೇ ಪ್ರದಕ್ಷಿಣೆಯಾಗುತ್ತದೆ. ಮಧ್ಯಾಹ್ನ ಬಂದಿಳಿದವರು ಇದನ್ನೇ ತಿರುವುಮುರುವು ಮಾಡಿಕೊಳ್ಳಬಹುದು.

ಉತ್ತರದ ಬಾವನ್‌ಬಂಡೆ ಕೋಟೆಗೆ ಏರುವ ದಾರಿ ಪುರಾತತ್ವ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ಇದೆ. ಬಾಗಿಲು ದಾಟಿದ ಕೂಡಲೇ ಎರಡೂ ಬದಿಗೆ ಗೋಡೆಯಂತೆ ಎದ್ದ ಬಂಡೆಗಳು, ನಡುವೆ ಇಕ್ಕಟ್ಟಿನ ಸಂದಿ. ಇದು ಯಾರೂ ಕಡಿದು ಮಾಡಿದ ಸಂದಿಯಲ್ಲ. ಬಾದಾಮಿಯದು ಮರಳುಗಲ್ಲು: ಪ್ರಾಣಿಗಳು ಹುಟ್ಟುವುದಕ್ಕೂ ಎಷ್ಟೋ ಮೊದಲು ನೀರು ತಂದು ಹಾಸಿದ ಮರಳು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ ಜೋಳದ ರೊಟ್ಟಿಯ ಹಾಗೆ ಈ ಪದರಗಳು ಬರಿಗಣ್ಣಿಗೇ ಕಾಣುತ್ತವೆ. ಕೆಂಪು ಬಣ್ಣ ಕಬ್ಬಿಣದ ಅಂಶದಿಂದ ಬಂದದ್ದು. ಈ ಕಲ್ಲು ಮೇಲಿಂದ ಕೆಳಕ್ಕೆ ನೆಟ್ಟಗೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿದಿಳಿದು ಸಂದಿ ಅಗಲವಾಗುತ್ತದೆ, ಅಂಚಿನ ತುಂಡು ಕಳಚಿ ಬೀಳುತ್ತದೆ, ಉಳಿದದ್ದು ಕಡಿದಾದ ಗೋಡೆಯಾಗಿ ನಿಲ್ಲುತ್ತದೆ.

ಪೂರ್ವಕ್ಕೆ ಹುನಗುಂದ, ಇಳಕಲ್ಲಿನ ಕಡೆ ಹೋದರೆ ನೆಲವೇ ಬೇರೆ. ಅಲ್ಲಿನ ಕೆಂಪು ಗ್ರಾನೈಟ್ ಭೂಮಿಯ ಆಳದಲ್ಲಿ ಕರಗಿದ್ದ ಶಿಲೆ ನಿಧಾನವಾಗಿ ಆರಿ ಆದದ್ದು. ಅದರಲ್ಲಿ ಪದರವಿಲ್ಲ, ಮೂಲೆಗಳು ಸವೆದು ಗುಂಡಾಗುತ್ತದೆ. ಆ ಗಟ್ಟಿ ಕಲ್ಲು ಇಂದು ಪಾಲಿಶ್ ಆಗಿ ಮನೆಗಳ ನೆಲಹಾಸಾಗುತ್ತಿದೆ. ಉಳಿಗೆ ಸುಲಭವಾಗಿ ಬಗ್ಗುವುದು ಮರಳುಗಲ್ಲು. ಚಾಲುಕ್ಯರ ಶಿಲ್ಪಿಗಳು ಆರನೇ ಶತಮಾನದಲ್ಲೇ ಇಷ್ಟು ಸಲೀಸಾಗಿ ಗುಹೆ ಕೊರೆದದ್ದಕ್ಕೆ ಕೈಚಳಕದಷ್ಟೇ ಕಲ್ಲಿನ ಗುಣವೂ ಕಾರಣ.

ಒಂದನೇ ಪುಲಿಕೇಶಿ ಈ ಗುಡ್ಡವನ್ನು ಕೋಟೆ ಮಾಡಿಕೊಂಡದ್ದು ಕ್ರಿ.ಶ. 543ರಲ್ಲಿ, ಇಲ್ಲಿನ ಬಂಡೆಯ ಮೇಲಿನ ಅವನದೇ ಶಾಸನ ಹಾಗೆನ್ನುತ್ತದೆ. ಸಂದಿಯಲ್ಲಿ ನಡೆದವರಿಗೆ ಅವನ ಆಯ್ಕೆ ಬಿಡಿಸಿ ಹೇಳಬೇಕಿಲ್ಲ: ಪ್ರಕೃತಿಯೇ ಮುಕ್ಕಾಲು ಗೋಡೆ ಕಟ್ಟಿಕೊಟ್ಟಿದೆ. ಮೇಲೆ ಕೆಳಗಿನ ಶಿವಾಲಯ, ತುತ್ತತುದಿಯಲ್ಲಿ ಮೇಲಿನ ಶಿವಾಲಯ, ನಡುವೆ ದುಂಡನೆಯ ಕಣಜಗಳು. ಮೇಲಿನ ಶಿವಾಲಯದ ಗೋಡೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣನಿದ್ದಾನೆ, ತಪ್ಪಿಸಬೇಡಿ. ಮಾಲೆಗಿತ್ತಿ ಶಿವಾಲಯ ಪಶ್ಚಿಮಕ್ಕೆ ಬೇರೆಯದೇ ಬಂಡೆಯ ಮೇಲಿದೆ, ದಾರಿಯೂ ಬೇರೆ. ಕಾಲಿನಲ್ಲಿ ಕಸುವು ಉಳಿದಿದ್ದರೆ ಹೋಗಿ.

ಇಳಿದ ಮೇಲೆ ವಸ್ತುಸಂಗ್ರಹಾಲಯ. ಲಜ್ಜಾಗೌರಿಯ ಶಿಲ್ಪವೊಂದಕ್ಕೇ ಅರ್ಧ ಗಂಟೆ ಕೊಡಬಹುದು. ಮುಂದೆ ಕೆರೆಯಂಚಿನಲ್ಲಿ ಮಲ್ಲಿಕಾರ್ಜುನ ಗುಡಿಗಳ ಗುಂಪು, ಆಮೇಲೆ ಭೂತನಾಥ. ಕೆರೆಯ ಈಶಾನ್ಯದ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಅದರಲ್ಲೇ ಇರುವುದು. ನೂರಾರು ಜನ ಅದರ ಹತ್ತಿರದಲ್ಲೇ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಅತ್ತ ತಲೆಯೆತ್ತುವವರು ಕಡಿಮೆ. ಊರಿನವರನ್ನು ಕೇಳಿ, ತೋರಿಸುತ್ತಾರೆ. ಭೂತನಾಥನ ಹಿಂದಿನ ಬಂಡೆಯಲ್ಲಿ ಅನಂತಶಯನನನ್ನು ಕೊರೆದಿದ್ದಾರೆ.

ಇಲ್ಲಿಂದ ದಕ್ಷಿಣದ ದಂಡೆಗುಂಟ ಗುಹೆಗಳತ್ತ ಸಾಗಬೇಕು. ಮಳೆಗಾಲದಲ್ಲಿ ಕೆರೆ ತುಂಬಿ ಕಾಲುದಾರಿ ಅನುಮಾನವೆನಿಸಿದರೆ ಹಟ ಬೇಡ, ಬಂದ ದಾರಿಯಲ್ಲೇ ಊರೊಳಗಿಂದ ಬನ್ನಿ. ಆ ದಿನಗಳಲ್ಲಿ ಬಂಡೆಯಂಚಿನಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ನೋಡಲು ಚೆಂದ. ಆದರೆ ಪಾಚಿ ಹಿಡಿದ ಮರಳುಗಲ್ಲು ಎಂಥ ಬೂಟಿಗೂ ಮರ್ಯಾದೆ ಕೊಡುವುದಿಲ್ಲ.

ಗುಹೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಮೂರನೆಯದರಲ್ಲಿ ಮಾತ್ರ ಹೆಚ್ಚು ಹೊತ್ತು ನಿಲ್ಲಿ: ಚಾಲುಕ್ಯ ಮಂಗಳೇಶನ ಕ್ರಿ.ಶ. 578ರ ಶಾಸನ ಇರುವುದು ಅಲ್ಲಿ, ಅದೇ ಗುಹೆಯಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತೂ ಉಳಿದಿದೆ. ಮೇಲಿನ ದಕ್ಷಿಣ ಕೋಟೆಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಬೀಗ ಹಾಕಿದ ಬಾಗಿಲಿನ ಬಳಿ ವಾದಕ್ಕಿಳಿಯಬೇಡಿ.

ಮಂಗಗಳು ಕೈಯಲ್ಲಿ ಹಿಡಿದ ಚೀಲವನ್ನು ನೋಡಿಯೇ ಬರುತ್ತವೆ. ತಿಂಡಿ ಬೆನ್ನಿನ ಬ್ಯಾಗಿನೊಳಗಿರಲಿ. ಗುಡ್ಡದ ಮೇಲೆ ಅಂಗಡಿಯಿಲ್ಲ, ಒಬ್ಬರಿಗೆ ಒಂದು ಲೀಟರಾದರೂ ನೀರು ಬೇಕು. ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿದೆ, ಬಸ್ ನಿಲ್ದಾಣ ಊರ ನಡುವೆಯೇ ಇದೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಯಾವ ದಿನವಾದರೂ ಸರಿ, ಶುಕ್ರವಾರ ಮಾತ್ರ ಬೇಡ: ಅಂದು ವಸ್ತುಸಂಗ್ರಹಾಲಯಕ್ಕೆ ರಜೆ.