ಬ್ರಿಟನ್ನಿನ ಯುದ್ಧಕಾಲೀನ ಪಿಲ್‌ಬಾಕ್ಸ್‌ಗಳು

ಪಿಲ್‌ಬಾಕ್ಸ್ ಎಂಬುದು ಸೈನಿಕರು ಒಳಗೆ ರಕ್ಷಣೆ ಪಡೆದು ಹೊರಗಿನ ಶತ್ರುವಿನತ್ತ ಗುಂಡು ಹಾರಿಸಲು ಅನುವಾಗುವಂತೆ ಕಾಂಕ್ರೀಟಿನಿಂದ ಕಟ್ಟಿದ ಚಿಕ್ಕ ರಕ್ಷಣಾ ಕಟ್ಟಡ. ಇದರ ಗೋಡೆಗಳಲ್ಲಿ ಬಂದೂಕು ಅಥವಾ ಮೆಷಿನ್ ಗನ್ನಿನಿಂದ ಗುರಿಯಿಡಲು ಕಂಡಿಗಳಿರುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮುಖ್ಯವಾಗಿ 1940ರಲ್ಲಿ, ಜರ್ಮನಿಯ ಆಕ್ರಮಣವನ್ನು ನಿರೀಕ್ಷಿಸಿ ಬ್ರಿಟನ್ನಿನ ಕಡಲತೀರ, ನದಿದಂಡೆ, ಕಾಲುವೆ, ರೈಲುಮಾರ್ಗ ಮತ್ತು ವಿಮಾನ ನಿಲ್ದಾಣಗಳ ಬಳಿ ಇವುಗಳನ್ನು ಭಾರಿ ಸಂಖ್ಯೆಯಲ್ಲಿ ನಿರ್ಮಿಸಲಾಯಿತು. ಪಿಲ್‌ಬಾಕ್ಸ್‌ಗಳು ಹಾಗೂ ಅದೇ ಬಗೆಯ ಇತರ ಗಟ್ಟಿ ರಕ್ಷಣಾ ನೆಲೆಗಳು ಸೇರಿ ಸುಮಾರು 28,000 ಕಟ್ಟಡಗಳು ಎದ್ದುನಿಂತವೆಂದೂ ಅವುಗಳಲ್ಲಿ ಸುಮಾರು 6,500 ಇಂದಿಗೂ ಉಳಿದಿವೆಯೆಂದೂ ಅಂದಾಜಿಸಲಾಗಿದೆ. ನಿರೀಕ್ಷಿಸಿದ ಆಕ್ರಮಣ ನಡೆಯಲಿಲ್ಲ. ಆದುದರಿಂದ ಇವುಗಳಲ್ಲಿ ಬಹುಪಾಲು ಯಾವ ಭೂಯುದ್ಧವನ್ನೂ ಕಾಣದೆ, 1940ರ ಬೇಸಿಗೆಯ ಆತಂಕ ಮತ್ತು ಅವಸರದ ಸಿದ್ಧತೆಗೆ ಸಾಕ್ಷಿಗಳಾಗಿ ಉಳಿದಿವೆ.

ಹೆಸರು ಮತ್ತು ಮೂಲ

ಪಿಲ್‌ಬಾಕ್ಸ್ ಎಂಬ ಪದಕ್ಕೆ ‘ಮಾತ್ರೆಯ ಡಬ್ಬಿ’ ಎಂದು ಅರ್ಥ. ಹಿಂದೆ ಔಷಧದ ಮಾತ್ರೆಗಳನ್ನು ಇಡುತ್ತಿದ್ದ ಪುಟ್ಟ ಡಬ್ಬಿಗಳ ಆಕಾರವನ್ನು ಈ ಕಟ್ಟಡಗಳು ಹೋಲುತ್ತಿದ್ದುದರಿಂದ ಈ ಹೆಸರು ಬಂದಿತೆಂಬುದು ಸಾಮಾನ್ಯ ವಿವರಣೆ. ಸೀಳುಗಂಡಿಯಿರುವ ಬ್ರಿಟನ್ನಿನ ಕಂಬದಾಕಾರದ ಅಂಚೆಪೆಟ್ಟಿಗೆಯ ಹೆಸರಾದ ‘ಪಿಲ್ಲರ್ ಬಾಕ್ಸ್’ ಎಂಬುದೇ ಇದರ ಮೂಲವೆಂಬ ಇನ್ನೊಂದು ಅಭಿಪ್ರಾಯವೂ ಇದೆ.

ಈ ಪದ ಬಳಕೆಗೆ ಬಂದದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಬೆಲ್ಜಿಯಮ್ಮಿನ ಈಪರ್ ಪಟ್ಟಣದ ಸುತ್ತಲಿನ ತಗ್ಗು ಪ್ರದೇಶದಲ್ಲಿ ಸ್ವಲ್ಪ ಅಗೆದರೂ ನೀರು ಉಕ್ಕುತ್ತಿದ್ದುದರಿಂದ ಆಳವಾದ ಕಂದಕಗಳನ್ನು ತೋಡುವುದು ಕಷ್ಟವಾಗಿತ್ತು. ಹೀಗಾಗಿ ಜರ್ಮನ್ ಸೇನೆಯು ನೆಲದ ಮೇಲೆಯೇ ಕಾಂಕ್ರೀಟ್ ನೆಲೆಗಳನ್ನು ಕಟ್ಟಿತು. 1917ರ ಪ್ಯಾಶನ್‌ಡೇಲ್ ಕದನದಲ್ಲಿ ಬ್ರಿಟಿಷ್ ಪಡೆಗಳು ಇವುಗಳ ಶಕ್ತಿಯನ್ನು ನೇರವಾಗಿ ಅನುಭವಿಸಿದವು. ಅಂಥ ಕೆಲವು ನೆಲೆಗಳು ಅಲ್ಲಿನ ಟೈನ್ ಕಾಟ್ ಸೈನಿಕ ಸಮಾಧಿಭೂಮಿಯಲ್ಲಿ ಇಂದಿಗೂ ಇವೆ.

1940ರ ಹಿನ್ನೆಲೆ

1940ರ ಮೇ 26ರಿಂದ ಜೂನ್ 4ರವರೆಗೆ ಫ್ರಾನ್ಸಿನ ಡನ್‌ಕರ್ಕ್ ತೀರದಿಂದ ಸುಮಾರು 3,38,000 ಬ್ರಿಟಿಷ್ ಹಾಗೂ ಮಿತ್ರರಾಷ್ಟ್ರಗಳ ಸೈನಿಕರನ್ನು ಹಡಗುಗಳಲ್ಲಿ ತೆರವುಗೊಳಿಸಲಾಯಿತು. ಸೈನಿಕರು ಪಾರಾದರೂ ಟ್ಯಾಂಕು, ಫಿರಂಗಿ ಮತ್ತು ವಾಹನಗಳಲ್ಲಿ ಹೆಚ್ಚಿನವು ಫ್ರಾನ್ಸಿನಲ್ಲಿಯೇ ಉಳಿದವು. ಹೀಗೆ ವೇಗವಾಗಿ ಚಲಿಸಬಲ್ಲ ಶಸ್ತ್ರಸಜ್ಜಿತ ಪಡೆಯ ಕೊರತೆಯಿದ್ದಾಗ, ಇರುವ ನೆಲದಲ್ಲಿಯೇ ಶತ್ರುವನ್ನು ತಡೆಹಿಡಿಯುವ ಸ್ಥಿರ ರಕ್ಷಣಾ ವ್ಯವಸ್ಥೆಯ ಕಡೆಗೆ ಸೇನೆ ಗಮನಹರಿಸಬೇಕಾಯಿತು.

ದೇಶದೊಳಗಿನ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿ ಮೇ ತಿಂಗಳ ಕೊನೆಯಲ್ಲಿ ನೇಮಕಗೊಂಡ ಜನರಲ್ ಎಡ್ಮಂಡ್ ಐರನ್‌ಸೈಡ್ ಅವರು ಪದರಪದರವಾದ ರಕ್ಷಣೆಯ ಯೋಜನೆಯನ್ನು ರೂಪಿಸಿದರು. ಕಡಲತೀರದಲ್ಲಿ ಮೊದಲ ಪದರ, ಒಳನಾಡಿನಲ್ಲಿ ಐವತ್ತಕ್ಕೂ ಹೆಚ್ಚು ತಡೆರೇಖೆಗಳು, ಹಿಂದೆ ಮೀಸಲು ಪಡೆ — ಇದು ಅದರ ಸ್ವರೂಪ. ಲಂಡನ್ ಮತ್ತು ಕೈಗಾರಿಕಾ ಕೇಂದ್ರಗಳ ರಕ್ಷಣೆಗೆ ಹಾಕಿದ ‘ಜಿ.ಎಚ್.ಕ್ಯೂ. ಲೈನ್’ ಈ ತಡೆರೇಖೆಗಳಲ್ಲಿ ಅತಿ ಉದ್ದವಾದದ್ದು. ತಡೆರೇಖೆಗಳ ಉದ್ದೇಶ ಶತ್ರುವನ್ನು ಸೋಲಿಸುವುದಕ್ಕಿಂತ ಅವನನ್ನು ತಡಮಾಡಿಸಿ, ಮೀಸಲು ಪಡೆ ಸ್ಥಳಕ್ಕೆ ತಲುಪಲು ಸಮಯ ಒದಗಿಸುವುದಾಗಿತ್ತು.

ಜುಲೈ ತಿಂಗಳಲ್ಲಿ ಐರನ್‌ಸೈಡ್ ಅವರ ಸ್ಥಾನಕ್ಕೆ ಜನರಲ್ ಅಲನ್ ಬ್ರೂಕ್ ಬಂದರು. ಸ್ಥಿರ ನೆಲೆಗಳಲ್ಲಿ ಸೈನಿಕರನ್ನು ಹಂಚಿಡುವುದಕ್ಕಿಂತ ಚಲಿಸಬಲ್ಲ ಪಡೆಯಿಂದ ಪ್ರತಿದಾಳಿ ನಡೆಸುವುದು ಮೇಲೆಂಬುದು ಅವರ ನಿಲುವು. ಇದರಿಂದ ಒಳನಾಡಿನ ಹಲವು ತಡೆರೇಖೆಗಳು ಮಹತ್ವ ಕಳೆದುಕೊಂಡವು. ಸೆಪ್ಟೆಂಬರ್ 17ರಂದು ಹಿಟ್ಲರನು ಆಕ್ರಮಣದ ಯೋಜನೆಯನ್ನು ಅನಿರ್ದಿಷ್ಟಾವಧಿಗೆ ಮುಂದೂಡಿದನು.

ರಚನೆ

ಬ್ರಿಟನ್ನಿನ ಯುದ್ಧ ಕಚೇರಿಯಲ್ಲಿ ಕೋಟೆಕೊತ್ತಲಗಳ ನಿರ್ಮಾಣವನ್ನು ನೋಡಿಕೊಳ್ಳುತ್ತಿದ್ದ ‘ಎಫ್.ಡಬ್ಲ್ಯೂ.3’ ಎಂಬ ಶಾಖೆಯು ಪಿಲ್‌ಬಾಕ್ಸ್‌ಗಳ ಮಾದರಿ ನಕ್ಷೆಗಳನ್ನು ಸಿದ್ಧಪಡಿಸಿತು. ಕಟ್ಟುವ ಕೆಲಸದ ಬಹುಭಾಗ ಸ್ಥಳೀಯ ಗುತ್ತಿಗೆದಾರರಿಂದ ನಡೆಯಿತು. ನೆಲದ ಏರುತಗ್ಗು, ದೊರೆಯುವ ಸಾಮಗ್ರಿ ಮತ್ತು ಕೆಲಸಗಾರರ ರೂಢಿಗೆ ತಕ್ಕಂತೆ ನಕ್ಷೆಗಳು ಮಾರ್ಪಾಡಾದವು. ಆದಕಾರಣ ಒಂದೇ ಮಾದರಿಯ ಎರಡು ಪಿಲ್‌ಬಾಕ್ಸ್‌ಗಳೂ ಪೂರ್ಣವಾಗಿ ಒಂದೇ ತೆರನಾಗಿರುವುದು ಅಪರೂಪ.

ಗೋಡೆ ಮತ್ತು ಚಾವಣಿಗಳು ಕಬ್ಬಿಣದ ಸರಳುಗಳನ್ನು ಹುದುಗಿಸಿದ ಕಾಂಕ್ರೀಟಿನವು. ಬಂದೂಕಿನ ಗುಂಡನ್ನು ತಡೆಯಲು ಸುಮಾರು 30 ಸೆಂಟಿಮೀಟರ್ ದಪ್ಪದ ಗೋಡೆ ಸಾಕೆಂದು ಎಣಿಸಲಾಗಿತ್ತು. ಫಿರಂಗಿಯ ಗುಂಡನ್ನು ತಡೆಯಬೇಕಾದಲ್ಲಿ ಗೋಡೆಯನ್ನು ಒಂದು ಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ದಪ್ಪವಾಗಿ ಕಟ್ಟುತ್ತಿದ್ದರು. ಹಲವು ಪಿಲ್‌ಬಾಕ್ಸ್‌ಗಳ ಒಳಗೆ ನಡುವೆ ಒಂದು ಅಡ್ಡಗೋಡೆಯಿದೆ. ಕಂಡಿಯ ಮೂಲಕ ಒಳಹೊಕ್ಕ ಗುಂಡು ಗೋಡೆಯಿಂದ ಗೋಡೆಗೆ ಪುಟಿದು ಎಲ್ಲರನ್ನೂ ಗಾಯಗೊಳಿಸದಂತೆ ತಡೆಯುವುದು ಇದರ ಕೆಲಸ; ಚಾವಣಿಗೂ ಇದು ಆಸರೆಯಾಗುತ್ತದೆ.

ಕಾಂಕ್ರೀಟ್ ಸುರಿಯಲು ಮರದ ಹಲಗೆಗಳ ಸೆಂಟ್ರಿಂಗ್ ಬಳಸಿದಲ್ಲಿ ಹಲಗೆಯ ಗೆರೆಗಳು ಗೋಡೆಯ ಮೇಲೆ ಅಚ್ಚೊತ್ತಿದಂತೆ ಉಳಿದಿವೆ. ಮರದ ಅಭಾವವಿದ್ದಲ್ಲಿ ಇಟ್ಟಿಗೆಯ ಹೊರಗೋಡೆ ಕಟ್ಟಿ ಅದರೊಳಗೆ ಕಾಂಕ್ರೀಟ್ ಸುರಿದು, ಇಟ್ಟಿಗೆಯನ್ನು ಹಾಗೆಯೇ ಬಿಟ್ಟುಬಿಡುತ್ತಿದ್ದರು. ಹೊರನೋಟಕ್ಕೆ ಇಟ್ಟಿಗೆಯದೆಂದು ಕಾಣುವ ಎಷ್ಟೋ ಪಿಲ್‌ಬಾಕ್ಸ್‌ಗಳ ಒಳತಿರುಳು ಕಾಂಕ್ರೀಟೇ ಆಗಿದೆ.

ಪಿಲ್‌ಬಾಕ್ಸ್ ಸಾಮಾನ್ಯವಾಗಿ ಒಂಟಿಯಾಗಿ ಕೆಲಸ ಮಾಡುವಂಥದ್ದಲ್ಲ. ಅಕ್ಕಪಕ್ಕದ ನೆಲೆಗಳ ಗುಂಡಿನ ವ್ಯಾಪ್ತಿ ಒಂದನ್ನೊಂದು ದಾಟುವಂತೆ ಜಾಗ ಆರಿಸಲಾಗುತ್ತಿತ್ತು. ಸುತ್ತ ಟ್ಯಾಂಕುಗಳನ್ನು ತಡೆಯುವ ಕಂದಕ, ಕಾಂಕ್ರೀಟ್ ದಿಮ್ಮಿಗಳು ಮತ್ತು ಮುಳ್ಳುತಂತಿಯ ಬೇಲಿ ಇರುತ್ತಿದ್ದವು. ಇಂಥ ಮುಳ್ಳುತಂತಿಯನ್ನು ಸ್ಫೋಟಿಸಿ ದಾರಿ ಮಾಡಿಕೊಳ್ಳಲು ಎರಡೂ ಮಹಾಯುದ್ಧಗಳಲ್ಲಿ ಬಳಕೆಯಾದ ‘ಬ್ಯಾಂಗಲೋರ್ ಟಾರ್ಪಿಡೊ’ ಎಂಬ ಉದ್ದನೆಯ ಕೊಳವೆಯಾಕಾರದ ಸಾಧನವನ್ನು 1912ರಲ್ಲಿ ಬೆಂಗಳೂರಿನಲ್ಲಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ್ದರು.

ಪ್ರಮುಖ ಮಾದರಿಗಳು

- 22ನೆಯ ಮಾದರಿ: ಆರು ಬದಿಗಳೂ ಸಮನಾಗಿರುವ ಷಟ್ಕೋನ. ಒಂದು ಬದಿಯಲ್ಲಿ ಬಾಗಿಲು, ಉಳಿದವುಗಳಲ್ಲಿ ಕಂಡಿಗಳು.
- 23ನೆಯ ಮಾದರಿ: ಆಯತಾಕಾರ. ಅರ್ಧ ಭಾಗಕ್ಕೆ ಚಾವಣಿಯಿದ್ದು, ಉಳಿದ ಅರ್ಧ ವಿಮಾನಗಳತ್ತ ಗುಂಡು ಹಾರಿಸಲು ತೆರೆದಿದೆ.
- 24ನೆಯ ಮಾದರಿ: ಅಸಮ ಷಟ್ಕೋನ. ಬಾಗಿಲಿರುವ ಹಿಂಬದಿಯ ಗೋಡೆ ಸುಮಾರು 4.3 ಮೀಟರ್ ಉದ್ದವಿದ್ದು, ಉಳಿದ ಗೋಡೆಗಳು 2.1ರಿಂದ 2.4 ಮೀಟರ್ ಇವೆ. ಅತಿ ಹೆಚ್ಚು ಸಂಖ್ಯೆಯಲ್ಲಿ ಕಂಡುಬರುವ ಮಾದರಿ ಇದೇ.
- 25ನೆಯ ಮಾದರಿ: ವೃತ್ತಾಕಾರದ ಚಿಕ್ಕ ಕಟ್ಟಡ. ಸುಕ್ಕುಗಟ್ಟಿದ ಕಬ್ಬಿಣದ ತಗಡನ್ನು ಅಚ್ಚಾಗಿ ಬಳಸಿದ್ದರಿಂದ ಹೊರಮೈಯಲ್ಲಿ ಅಲೆಅಲೆಯಾದ ಗುರುತುಗಳಿವೆ.
- 26ನೆಯ ಮಾದರಿ: ಚೌಕಾಕಾರದ ಸರಳ ಕಟ್ಟಡ.
- 27ನೆಯ ಮಾದರಿ: ನಡುವೆ ಬಾವಿಯಂತೆ ತೆರೆದ ಭಾಗವಿರುವ ದೊಡ್ಡ ಕಟ್ಟಡ. ಆ ಭಾಗದಲ್ಲಿ ವಿಮಾನ ನಿರೋಧಕ ಮೆಷಿನ್ ಗನ್ ಇರಿಸಲಾಗುತ್ತಿತ್ತು.
- 28ನೆಯ ಮಾದರಿ: ಟ್ಯಾಂಕ್ ನಿರೋಧಕ ಫಿರಂಗಿಗಾಗಿ ಕಟ್ಟಿದ ಅತಿ ದೊಡ್ಡ ಮಾದರಿ. ಮುಂಭಾಗದ ಅಗಲವಾದ ತೆರಪಿನಿಂದ ಇದನ್ನು ಸುಲಭವಾಗಿ ಗುರುತಿಸಬಹುದು.

ವಿಮಾನ ನಿಲ್ದಾಣಗಳಿಗಾಗಿ ‘ಪಿಕೆಟ್-ಹ್ಯಾಮಿಲ್ಟನ್’ ಎಂಬ ವಿಶೇಷ ಮಾದರಿಯಿತ್ತು. ವಿಮಾನಗಳ ಸಂಚಾರಕ್ಕೆ ಅಡ್ಡಿಯಾಗದಂತೆ ಇದು ನೆಲದೊಳಗೆ ಅಡಗಿದ್ದು, ಅಗತ್ಯ ಬಿದ್ದಾಗ ಮೇಲೇಳುತ್ತಿತ್ತು.

ಮರೆಮಾಚುವಿಕೆ

ದೂರದಿಂದಲೇ ಗುರುತು ಸಿಕ್ಕ ಪಿಲ್‌ಬಾಕ್ಸ್ ಫಿರಂಗಿಗೆ ಸುಲಭದ ಗುರಿ. ಆದ್ದರಿಂದ ಮಣ್ಣು ಮತ್ತು ಹುಲ್ಲು ಹೊದಿಸುವುದು, ಬಣ್ಣ ಬಳಿಯುವುದು, ಹಳೆಯ ಕಟ್ಟಡದೊಳಗೆ ಅಡಗಿಸುವುದು ಮುಂತಾದ ಉಪಾಯಗಳನ್ನು ಬಳಸಲಾಯಿತು. ಸಾಮರ್‌ಸೆಟ್ ಪ್ರಾಂತ್ಯದಲ್ಲಿ ಈ ಕೆಲಸದಲ್ಲಿ ತೊಡಗಿದ್ದ ಅಧಿಕಾರಿಗಳಲ್ಲಿ ಪ್ರಸಿದ್ಧ ರಂಗವಿನ್ಯಾಸಕ ಆಲಿವರ್ ಮೆಸೆಲ್ ಒಬ್ಬರು. ರಂಗದ ಮೇಲೆ ಹಲಗೆ, ಬಟ್ಟೆ ಮತ್ತು ಬಣ್ಣಗಳಿಂದ ಅರಮನೆ ತೋರಿಸುವ ಕೌಶಲವನ್ನು ಬಳಸಿ ಅವರು ಪಿಲ್‌ಬಾಕ್ಸ್‌ಗಳನ್ನು ಹುಲ್ಲಿನ ಬಣವೆ, ಪಾಳುಗೋಡೆ, ರಸ್ತೆಬದಿಯ ಕೆಫೆಗಳಂತೆ ತೋರುವಂತೆ ಮಾಡಿದರು. ಮರ ಮತ್ತು ಬಟ್ಟೆಯ ಈ ಅಲಂಕಾರಗಳು ಕಾಲಕ್ರಮದಲ್ಲಿ ಅಳಿದು, ಇಂದು ಬರಿಯ ಕಾಂಕ್ರೀಟ್ ಮಾತ್ರ ಉಳಿದಿದೆ. ಹೀಗಾಗಿ 1940ರಲ್ಲಿ ಕಣ್ಣಿಗೆ ಬೀಳದಂತಿದ್ದ ಕಟ್ಟಡಗಳು ಇಂದು ಬಯಲಿನಲ್ಲಿ ಎದ್ದು ಕಾಣುತ್ತವೆ.

ಟಾಂಟನ್ ತಡೆರೇಖೆ

ಉಳಿದಿರುವ ಪಿಲ್‌ಬಾಕ್ಸ್‌ಗಳನ್ನು ಸಾಲಾಗಿ ನೋಡಲು ದೊರೆಯುವ ಪ್ರದೇಶಗಳಲ್ಲಿ ನೈಋತ್ಯ ಇಂಗ್ಲೆಂಡಿನ ಟಾಂಟನ್ ತಡೆರೇಖೆ ಮುಖ್ಯವಾದದ್ದು. ಡೆವನ್, ಡಾರ್ಸೆಟ್ ಮತ್ತು ಸಾಮರ್‌ಸೆಟ್ ಪ್ರಾಂತ್ಯಗಳನ್ನು ಹಾದು ದಕ್ಷಿಣದ ಕಡಲಿನಿಂದ ಉತ್ತರದ ಬ್ರಿಸ್ಟಲ್ ಕಡಲಗಾಲುವೆಯವರೆಗೆ ಇದು ಸುಮಾರು 80 ಕಿಲೋಮೀಟರ್ ಸಾಗುತ್ತದೆ. ಶತ್ರು ಕಾರ್ನ್‌ವಾಲ್ ಅಥವಾ ಡೆವನ್ ತೀರದಲ್ಲಿ ಇಳಿದು ಪೂರ್ವಕ್ಕೆ ನುಗ್ಗಿದರೆ ಅವನ ಟ್ಯಾಂಕುಗಳನ್ನು ತಡೆಯುವುದು ಇದರ ಗುರಿ. ಆದಕಾರಣ ಇದರ ರಕ್ಷಣೆ ಪಶ್ಚಿಮಕ್ಕೆ ಮುಖಮಾಡಿದೆ.

ಈ ರೇಖೆಯ ವೈಶಿಷ್ಟ್ಯವೆಂದರೆ, ಅದು ನೆಲದ ಮೇಲೆ ಮೊದಲೇ ಇದ್ದ ಅಡೆತಡೆಗಳನ್ನು ಹೊಲಿದು ಜೋಡಿಸಿದಂತಿರುವುದು. ದಕ್ಷಿಣದಲ್ಲಿ ಆಕ್ಸ್ ನದಿ, ಮುಂದೆ ಚಾರ್ಡ್ ಮತ್ತು ಇಲ್ಮಿನ್‌ಸ್ಟರ್ ನಡುವಿನ ರೈಲುಮಾರ್ಗ, ಹಳೆಯ ಚಾರ್ಡ್ ಕಾಲುವೆ, ಬಳಿಕ ಬ್ರಿಜ್‌ವಾಟರ್–ಟಾಂಟನ್ ಕಾಲುವೆ, ಕೊನೆಗೆ ಪ್ಯಾರೆಟ್ ನದಿ — ಇವೆಲ್ಲ ಟ್ಯಾಂಕಿಗೆ ತಡೆಗಳಾದವು. ಶತ್ರು ದಾಟಬಹುದಾದ ಸೇತುವೆ, ರಸ್ತೆ ಮತ್ತು ರೈಲುಗೇಟುಗಳ ಬಳಿ ಪಿಲ್‌ಬಾಕ್ಸ್‌ಗಳು ಹೆಚ್ಚು ಒತ್ತಾಗಿವೆ. ಇಂದು ಕಾಲುವೆಯ ದಂಡೆಯ ಕಾಲುದಾರಿಯಲ್ಲಿ ನಡೆಯುವವರಿಗೆ ಪಿಲ್‌ಬಾಕ್ಸ್‌ಗಳೂ ಟ್ಯಾಂಕ್ ತಡೆಯುವ ಕಾಂಕ್ರೀಟ್ ದಿಮ್ಮಿಗಳೂ ಕಾಣಸಿಗುತ್ತವೆ. ಇದೇ ಜಾಡನ್ನು ಅನುಸರಿಸುವ 33ನೆಯ ಸಂಖ್ಯೆಯ ರಾಷ್ಟ್ರೀಯ ಸೈಕಲ್ ಮಾರ್ಗಕ್ಕೆ ‘ಸ್ಟಾಪ್ ಲೈನ್ ವೇ’ ಎಂದೇ ಹೆಸರಿಡಲಾಗಿದೆ.

ಯುದ್ಧಾನಂತರದ ಸ್ಥಿತಿ

ಯುದ್ಧ ಮುಗಿದ ಮೇಲೆ ರಸ್ತೆ ಮತ್ತು ಕಟ್ಟಡಗಳಿಗೆ ಅಡ್ಡಿಯಾದ ಪಿಲ್‌ಬಾಕ್ಸ್‌ಗಳನ್ನು ಒಡೆಯಲಾಯಿತು. ಗಟ್ಟಿ ಕಾಂಕ್ರೀಟನ್ನು ಒಡೆಯುವುದು ದುಬಾರಿಯಾದ್ದರಿಂದ ಹೊಲಗಳಲ್ಲಿದ್ದ ಎಷ್ಟೋ ಕಟ್ಟಡಗಳು ಹಾಗೆಯೇ ಉಳಿದವು. ಕೆಲವನ್ನು ರೈತರು ಉಗ್ರಾಣವಾಗಿಯೂ ದನಕರುಗಳ ಆಸರೆಯಾಗಿಯೂ ಬಳಸಿಕೊಂಡರು. ಹಲವು ಕಡೆ ಇವು ಬಾವಲಿಗಳು ಚಳಿಗಾಲ ಕಳೆಯುವ ತಾಣಗಳಾಗಿವೆ. ಬ್ರಿಟನ್ನಿನಲ್ಲಿ ಬಾವಲಿಗಳಿಗೆ ಕಾನೂನಿನ ರಕ್ಷಣೆಯಿರುವುದರಿಂದ ಅವುಗಳಿಗೆ ತೊಂದರೆ ಕೊಡುವುದು ಅಪರಾಧ.

ಕಡಲತೀರದಲ್ಲಿ ಸ್ಥಿತಿ ಬೇರೆ. ಯಾರ್ಕ್‌ಶೈರಿನ ಹೋಲ್ಡರ್‌ನೆಸ್ ತೀರದಲ್ಲಿ ಕಡಲ್ಕೊರೆತ ತೀವ್ರವಾಗಿದ್ದು, ದಿಬ್ಬದ ಮೇಲೆ ಕಟ್ಟಿದ ಪಿಲ್‌ಬಾಕ್ಸ್‌ಗಳು ಇಂದು ಕೆಳಗಿನ ಮರಳಿನಲ್ಲಿ ಓರೆಯಾಗಿ ಬಿದ್ದಿವೆ. 1940ರ ಬಳಿಕ ದಡ ಎಷ್ಟು ಹಿಂದೆ ಸರಿದಿದೆಯೆಂಬುದಕ್ಕೆ ಅವೇ ಅಳತೆಗೋಲುಗಳಾಗಿವೆ.

ದಾಖಲೀಕರಣ ಮತ್ತು ಸಂರಕ್ಷಣೆ

ಅವಸರದಲ್ಲಿ ಕಟ್ಟಿದ ಈ ನೆಲೆಗಳೆಲ್ಲದರ ಸಮಗ್ರ ಪಟ್ಟಿ ಉಳಿದಿರಲಿಲ್ಲ. ಹೆನ್ರಿ ವಿಲ್ಸ್ ಅವರು 1985ರಲ್ಲಿ ಪ್ರಕಟಿಸಿದ ‘ಪಿಲ್‌ಬಾಕ್ಸಸ್’ ಎಂಬ ಪುಸ್ತಕ ಈ ವಿಷಯದ ಆರಂಭಿಕ ಅಧ್ಯಯನಗಳಲ್ಲಿ ಮುಖ್ಯವಾದದ್ದು. 1995ರಲ್ಲಿ ‘ಡಿಫೆನ್ಸ್ ಆಫ್ ಬ್ರಿಟನ್’ ಎಂಬ ಯೋಜನೆ ಆರಂಭವಾಯಿತು. ಸುಮಾರು 600 ಸ್ವಯಂಸೇವಕರು ತಮ್ಮ ತಮ್ಮ ಊರಿನ ಸುತ್ತ ಅಡ್ಡಾಡಿ, ಅಳತೆ ಮತ್ತು ಛಾಯಾಚಿತ್ರ ತೆಗೆದು, ಸುಮಾರು 20,000 ಸ್ಥಳಗಳ ವಿವರ ಕಲೆಹಾಕಿದರು. ಹಲವು ನೆಲೆಗಳು ಕಾನೂನಿನ ರಕ್ಷಣೆ ಪಡೆಯಲು ಈ ಮಾಹಿತಿ ಆಧಾರವಾಯಿತು. ಆದರೂ ಉಳಿದಿರುವವುಗಳಲ್ಲಿ ಹೆಚ್ಚಿನವಕ್ಕೆ ಅಂಥ ರಕ್ಷಣೆಯಿಲ್ಲ. ಸಾಲಿನಲ್ಲಿ ಒಂದು ಪಿಲ್‌ಬಾಕ್ಸ್ ನಾಶವಾದರೆ ಕಟ್ಟಡದೊಡನೆ ಆ ಸಾಲಿನ ಗುಂಡಿನ ವ್ಯಾಪ್ತಿಯ ತರ್ಕವೂ ಮಸುಕಾಗುತ್ತದೆ.

ಸ್ಥಳ ವೀಕ್ಷಣೆ

ಯುದ್ಧಕಾಲದ ವಾಯುದಾಳಿ ಆಶ್ರಯಗಳನ್ನು ಪಿಲ್‌ಬಾಕ್ಸ್‌ಗಳೆಂದು ತಪ್ಪಾಗಿ ತಿಳಿಯುವುದುಂಟು. ಆಶ್ರಯಗಳಲ್ಲಿ ಗುಂಡು ಹಾರಿಸುವ ಕಂಡಿಗಳಿರುವುದಿಲ್ಲ. ಪಿಲ್‌ಬಾಕ್ಸ್ ಏಕೆ ಆ ಜಾಗದಲ್ಲಿದೆಯೆಂದು ತಿಳಿಯಲು ಕಂಡಿಗಳು ತೋರುವ ದಿಕ್ಕನ್ನು ಗಮನಿಸಬೇಕು. ಆ ದಿಕ್ಕಿನಲ್ಲಿ ಸಾಮಾನ್ಯವಾಗಿ ಸೇತುವೆ, ರಸ್ತೆಯ ತಿರುವು ಅಥವಾ ನದಿ ದಾಟುವ ಜಾಗ ಸಿಗುತ್ತದೆ. ಯುದ್ಧಾನಂತರ ಬೆಳೆದ ಮರಗಳೂ ಮನೆಗಳೂ ಈ ನೋಟವನ್ನು ಮುಚ್ಚಿರಬಹುದಾದ್ದರಿಂದ, 1940ರ ದಶಕದ ವಾಯುಛಾಯಾಚಿತ್ರಗಳು ಮತ್ತು ಹಳೆಯ ನಕ್ಷೆಗಳು ನೆರವಾಗುತ್ತವೆ.

ಹಲವು ಪಿಲ್‌ಬಾಕ್ಸ್‌ಗಳು ಖಾಸಗಿ ಜಮೀನಿನಲ್ಲಿರುವುದರಿಂದ ಮಾಲೀಕರ ಅನುಮತಿ ಪಡೆಯುವುದು ಅವಶ್ಯಕ. ಒಳಗೆ ನಿಂತ ನೀರು, ಒಡೆದ ಗಾಜು, ಕುಸಿಯುವ ಚಾವಣಿ ಮೊದಲಾದ ಅಪಾಯಗಳಿರಬಹುದು; ಕಡಲದಿಬ್ಬದ ಅಂಚಿನಲ್ಲಿರುವವುಗಳ ಒಳಗೆ ಹೋಗುವುದು ಸುರಕ್ಷಿತವಲ್ಲ.